ಹಬ್ಬ ಮುಗೀತು, ಸೋಮವಾರ ಬಂತು!

ಭಾನುವಾರ ರಾತ್ರಿ ಒಂಬತ್ತೂವರೆಗೆ ಮನೆಯ ಬೀಗ ತೆಗೀತೀರಿ. ಎರಡು ದಿನ ಮುಚ್ಚಿಟ್ಟ ಮನೆಯ ವಾಸನೆ ಮುಖಕ್ಕೆ ಬಡಿಯುತ್ತೆ. ಯಜಮಾನರು ಬ್ಯಾಗನ್ನು ಸೋಫಾ ಮೇಲೆ ಇಟ್ಟು ರಿಮೋಟ್ ಹುಡುಕ್ತಾರೆ. ಮಗನಿಗೆ ಆಗಲೇ ನೆನಪಾಗುತ್ತೆ, ನಾಳೆ ಶಾಲೆಗೆ ಚಾರ್ಟ್ ಬೇಕು ಅಂತ. ಮಗಳ ಯೂನಿಫಾರ್ಮ್ ಶುಕ್ರವಾರ ಸಂಜೆ ಬಕೆಟ್‌ನಲ್ಲಿ ಹಾಕಿದ್ದು ಹಾಗೇ ಇದೆ. ಫ್ರಿಜ್‌ನಲ್ಲಿ ಅರ್ಧ ಟೊಮೇಟೊ, ಹುಳಿ ಬಂದ ಮೊಸರು. ನೀವು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಮನಸ್ಸು ಆಗಲೇ ಅಡುಗೆಮನೆ ಸೇರಿಬಿಟ್ಟಿದೆ. ಹೌದಲ್ವಾ?

ಆಗ ಒಂದು ಯೋಚನೆ ಮೆಲ್ಲಗೆ ತಲೆ ಎತ್ತುತ್ತೆ: 'ಹೋಗದೇ ಇದ್ದಿದ್ರೇ ಚೆನ್ನಾಗಿತ್ತೇನೋ!'

ಇವತ್ತು ಮಾತಾಡಬೇಕಾಗಿರೋದು ಈ ಯೋಚನೆಯ ಬಗ್ಗೇನೇ. ನೋಡೋಕೆ ಇದು ಚಿಕ್ಕ ಗೊಣಗಾಟ. ಆದರೆ ಹತ್ತಾರು ಸಲ ಹೀಗೇ ಅನ್ನಿಸಿ ಅನ್ನಿಸಿ, ಕೊನೆಗೊಂದು ದಿನ 'ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ' ಅನ್ನೋ ಹೆಂಗಸರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ. ಅವರಿಗೆ ತಿರುಗಾಟ ಇಷ್ಟ ಇಲ್ಲ ಅಂತಲ್ಲ. ತಿರುಗಿ ಬಂದ ಮೇಲಿನ ರಾಶಿ ಕೆಲಸಕ್ಕೆ ಹೆದರಿ ಅವರು ಹೋಗೋದನ್ನೇ ಬಿಟ್ಟಿದ್ದಾರೆ. ಮೊದಲು ಪ್ರವಾಸ ನಿಲ್ಲುತ್ತೆ, ಆಮೇಲೆ ಮದುವೆ-ಮುಂಜಿಗೆ ಹೋಗಿ ಅವತ್ತೇ ವಾಪಸ್ ಬರೋದು ಶುರುವಾಗುತ್ತೆ, ಆಮೇಲೆ ತವರಿನ ಹಬ್ಬವೂ ತಪ್ಪುತ್ತೆ.

ಮೊರಬದ ಹೊಲದಲ್ಲಿ ಎರಡು ದಿನ

ಎಲ್ಲೋ ದೂರದ ರೆಸಾರ್ಟ್ ಮಾತು ಬೇಡ. ನಮ್ಮ ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಮೊರಬವನ್ನೇ ತಗೊಳ್ಳಿ. ಎರೆಮಣ್ಣಿನ ದೊಡ್ಡ ಊರು. ಇಲ್ಲಿ ಹುಟ್ಟಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನಲ್ಲಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ ಎಳ್ಳಮವಾಸ್ಯೆ ವಾರಾಂತ್ಯಕ್ಕೆ ಕೂಡಿ ಬಂದ್ರೆ ಅದಕ್ಕಿಂತ ಒಳ್ಳೆ ಪಿಕ್ನಿಕ್ ಬೇರೆ ಇಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬಿ ಹೊಲದಲ್ಲಿ ನಿಂತಿರುತ್ತೆ. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಬದನಿಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕಿಕಾಳು, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ. ಹೊಲದಲ್ಲಿ ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಸಾಲಾಗಿ ಕೂತು ಉಂಡ್ರೆ ಆ ರುಚಿ ಯಾವ ಹೋಟೆಲಿನಲ್ಲೂ ಸಿಗಲ್ಲ. ಮೊಬೈಲ್ ಮರೆತ ಮಕ್ಕಳು ಕಡ್ಲಿಗಿಡ ಕಿತ್ತು ಸುಲಗಾಯಿ ತಿಂತಾ ಓಡಾಡ್ತವೆ. ರಾತ್ರಿ ಪಡಸಾಲೆಯಲ್ಲಿ ಜಮಖಾನ ಹಾಸಿ ಮಲಗಿದ್ರೆ ಅಕ್ಕ-ತಂಗಿಯರ ಹರಟೆಗೆ ಕೊನೆಯೇ ಇಲ್ಲ.

ಈಗ ಹೋಗೋದೂ ಸುಲಭ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. 'ಬಸ್ ಚಾರ್ಜಿಗೆ ಯಾರನ್ನ ಕೇಳಲಿ' ಅನ್ನೋ ಅಡ್ಡಿ ತಪ್ಪಿತು. ಆದರೆ 'ಬಂದ ಮೇಲೆ ಮನೆ ಗತಿ ಏನು' ಅನ್ನೋ ಅಡ್ಡಿ ಹಾಗೇ ಇದೆ. ಅದಕ್ಕೆ ಯಾವ ಸರ್ಕಾರವೂ ಟಿಕೆಟ್ ಕೊಡೋಕಾಗಲ್ಲ. ಅದು ಮನೆಯೊಳಗೇ ಬಗೆಹರಿಯಬೇಕಾದ ಮಾತು.

ಕೆಲಸಕ್ಕೆ ರಜೆ ಇಲ್ಲ, ಮುಂದೂಡಿಕೆ ಮಾತ್ರ

ಸೋಮವಾರ ಯಾಕಷ್ಟು ಭಾರ? ನಮ್ಮ ಮನಸ್ಸು ದುರ್ಬಲ, ಮೂಡ್ ಸರಿಯಿಲ್ಲ, ವಯಸ್ಸಾಯ್ತು ಅಂತ ನಾವೇ ನಮ್ಮನ್ನ ಬೈಕೊಳ್ತೀವಿ. ಕಾರಣ ಅಷ್ಟು ಗೂಢವೇನಲ್ಲ. ಆಫೀಸಿಗೆ ರಜೆ ಹಾಕಿದವರ ಕೆಲಸವನ್ನು ಪಕ್ಕದ ಸೀಟಿನವರು ಒಂದಿಷ್ಟಾದರೂ ನೋಡ್ಕೊಳ್ತಾರೆ. ಮನೆಯಲ್ಲಿ ಪಕ್ಕದ ಸೀಟೇ ಇಲ್ಲ! ನೀವು ಎರಡು ದಿನ ಮಾಡದ ಕೆಲಸ ನಿಮಗೋಸ್ಕರವೇ ಕಾಯ್ತಾ ಕೂತಿರುತ್ತೆ.

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ನಡೆಸಿತ್ತು. ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ ಅಂತ ಅದು ಹೇಳಿತು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289, ಗಂಡಸರದು 88. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯ ಲೆಕ್ಕಕ್ಕೇ ಬಂದಿಲ್ಲ ಅನ್ನೋದು ನೆನಪಿರಲಿ.

289 ನಿಮಿಷ ಅಂದ್ರೆ ಐದು ತಾಸಿಗೆ ಹನ್ನೊಂದು ನಿಮಿಷ ಕಡಿಮೆ. ಎರಡು ದಿನಕ್ಕೆ ಸುಮಾರು ಒಂಬತ್ತೂವರೆ ತಾಸು. ಇದೆಲ್ಲಾ ಸೋಮವಾರಕ್ಕೆ ಬಂದು ಬೀಳುತ್ತೆ ಅಂತಲ್ಲ. ನೀವು ಊರಲ್ಲಿ ಇರಲಿಲ್ಲ, ಹಾಗಾಗಿ ಆ ಎರಡು ದಿನದ ಅಡುಗೆ, ಪಾತ್ರೆ ತಪ್ಪಿತು. ಆದರೆ ಬಟ್ಟೆ ಎರಡರಷ್ಟಾಯ್ತು, ಅದೂ ಎರೆಮಣ್ಣು ಮೆತ್ತಿದ ಬಟ್ಟೆ! ಧೂಳು, ತರಕಾರಿ, ಹಾಲಿನ ಕೂಪನ್, ಗ್ಯಾಸ್ ಬುಕಿಂಗ್, ಮಕ್ಕಳ ಹೋಂವರ್ಕ್ ಎಲ್ಲಾ ಬಾಕಿ ಉಳೀತು.

ಹುಬ್ಬಳ್ಳಿ-ಧಾರವಾಡದವರಿಗೆ ಇನ್ನೊಂದು ಬಾಕಿ ಇದೆ, ನೀರಿನದು. ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರಿನ ವ್ಯವಸ್ಥೆ ಬಂದ್ರೂ, ಎಷ್ಟೋ ಬಡಾವಣೆಗಳಲ್ಲಿ ನಳ ಬರೋದು ಇವತ್ತಿಗೂ ಹಲವು ದಿನಕ್ಕೊಮ್ಮೆ. ನೀವು ಹೊಲದಲ್ಲಿ ಹೋಳಿಗೆ ತಿನ್ನುವ ಹೊತ್ತಿಗೇ ಇಲ್ಲಿ ನಳ ಬಂದು ಹೋದ್ರೆ ಮುಗೀತು! ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರು ನಿಮ್ಮ ಸಂಪಿಗೆ ಬೀಳದೇ ಹೋಗಿರುತ್ತೆ. ರಾಶಿ ಬಟ್ಟೆ ಒಂದು ಕಡೆ, ತಳ ಕಂಡ ಸಂಪು ಇನ್ನೊಂದು ಕಡೆ.

ಇಷ್ಟೆಲ್ಲಾ ಇದ್ದಾಗ ಸೋಮವಾರ ಸಿಡಿಮಿಡಿ ಆಗದೇ ಇನ್ನೇನಾಗುತ್ತೆ? ತಪ್ಪು ನಿಮ್ಮ ಮೂಡಿನದಲ್ಲ. ನೀವು ಖುಷಿಪಟ್ಟಿದ್ದೂ ತಪ್ಪಲ್ಲ. ಮನೆ ಮಂದಿಯೆಲ್ಲಾ ಕೂಡಿ ಖುಷಿಪಟ್ಟ ಎರಡು ದಿನದ ಬಾಕಿಯನ್ನು ನೀವೊಬ್ಬರೇ ತೀರಿಸ್ತಿದ್ದೀರಲ್ಲ, ತೊಂದರೆ ಇರೋದು ಅಲ್ಲಿ.

ನಿಮ್ಮ ಭಾನುವಾರ, ವೈನಿಯ ಸೋಮವಾರ

ಇಲ್ಲಿ ಒಂದು ಕಹಿ ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಮೊರಬದಲ್ಲಿ ನಿಮಗೆ ಸಿಕ್ಕ ಆ ಎರಡು ದಿನದ ವಿಶ್ರಾಂತಿ ಎಲ್ಲಿಂದ ಬಂತು? ಸಜ್ಜಿ ರೊಟ್ಟಿ ತಾನೇ ಬಡ್ಕೊಳ್ಳಲಿಲ್ಲ. ಪುಂಡಿಪಲ್ಯ ತಾನೇ ಬಿಡಿಸ್ಕೊಳ್ಳಲಿಲ್ಲ. ನಿಮ್ಮ ಅಣ್ಣನ ಹೆಂಡತಿ, ನಿಮ್ಮ ವೈನಿ, ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದ್ದಕ್ಕೇ ಬುಟ್ಟಿ ತುಂಬಿದ್ದು. ನೀವು ಹಾಸಿ ಮಲಗಿದ್ದು ನವಲಗುಂದದ ಜಮಖಾನ ಆಗಿದ್ರೆ, ಅದನ್ನೂ ಮಗ್ಗದ ಮುಂದೆ ಕೂತು ನೇಯ್ದವರು ಹೆಣ್ಣುಮಕ್ಕಳೇ.

ನೀವು 'ಎಷ್ಟು ಹಾಯ್ ಅನಸ್ತು!' ಅಂತ ಬಸ್ ಹತ್ತಿದ ಮೇಲೆ ಅಲ್ಲಿ ಏನಾಗುತ್ತೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಹತ್ತು ಜನರ ಹಾಸಿಗೆ ಮಡಚಬೇಕು. ದೊಡ್ಡ ಪಾತೇಲಿಗಳನ್ನು ತಿಕ್ಕಬೇಕು. ದನಗಳಿಗೆ ಅಮವಾಸ್ಯೆಯೂ ಇಲ್ಲ, ಭಾನುವಾರವೂ ಇಲ್ಲ. ಹೊಲದ ಆಳುಗಳು ಮರುದಿನ ಬೆಳಿಗ್ಗೆ ಬುತ್ತಿಗೆ ಕಾಯ್ತಾರೆ. ಸೋಮವಾರದ ಸಂಕಟ ನಗರದ ಹೆಂಗಸಿಗೆ ಮಾತ್ರ ಅಂತ ನಾವು ತಿಳ್ಕೊಂಡಿರ್ತೀವಿ. ಅವಳಿಗೆ ಹಬ್ಬದ ದಿನವೇ ಸೋಮವಾರಕ್ಕಿಂತ ಭಾರ.

'ಹಾಗಾದ್ರೆ ತವರಿಗೆ ಹೋಗೋದೇ ಬೇಡ್ವಾ?' ಅಂತ ಕೇಳಬೇಡಿ. ಹೋಗಿ, ಖಂಡಿತ ಹೋಗಿ. ಆದರೆ ಅತಿಥಿಯ ಥರ ಹೋಗಬೇಡಿ. ಮಡಿಕಿಕಾಳು ಹುಬ್ಬಳ್ಳಿಯಲ್ಲೇ ಮೊಳಕೆ ಕಟ್ಟಿಸಿ ಒಯ್ಯಬಹುದು. ಹೋಳಿಗೆಯ ಹೂರಣ ನಿಮ್ಮ ಮಿಕ್ಸಿಯಲ್ಲೇ ಆಗುತ್ತೆ. ನೀವು, ನಿಮ್ಮ ಯಜಮಾನರು ಕೂಡಿ ಒಂದು ತಾಸು ಮೊದಲೇ ಎದ್ದು ಹಾಸಿಗೆ ಮಡಚಿ, ಪಾತ್ರೆ ಒಂದಿಷ್ಟು ತೊಳೆದು ಹೊರಟ್ರೆ ಬಸ್ಸೇನೂ ತಪ್ಪಲ್ಲ. 'ಏ, ಬಿಡ್ರಿ, ನಾ ಮಾಡ್ಕೋತೀನಿ' ಅಂತ ವೈನಿ ಅಂದೇ ಅಂತಾಳೆ. ನೀವೂ ನಿಮ್ಮ ಮನೆಗೆ ಬಂದವರಿಗೆ ಹಾಗೇ ಅಂತೀರಲ್ವಾ? ಆ ಮಾತಿನ ಹಿಂದೆ ಎಷ್ಟು ದಣಿವು ಇರುತ್ತೆ ಅಂತ ನಿಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೂ ಒಂದು. ವರ್ಷಕ್ಕೊಮ್ಮೆಯಾದ್ರೂ ವೈನಿಯನ್ನೇ ನಿಮ್ಮ ಮನೆಗೆ ಕರೆಸಿ, ಎರಡು ದಿನ ಕೂಡಿಸಿ ಬಡಿಸಿ. ಆಕೆಗೂ ಬಸ್ ಟಿಕೆಟ್ ದುಡ್ಡಿಲ್ಲ ಈಗ!

ಹಿರಿಯರು ಕಟ್ಟಿಕೊಡುತ್ತಿದ್ದ ಬುತ್ತಿ

ಹಿಂದಿನವರು ಈ ಮರಳುವ ಸಂಕಟಕ್ಕೆ ಒಂದು ಉಪಾಯ ಮಾಡಿದ್ರು ಅಂತ ನನಗನ್ನಿಸುತ್ತೆ. ಉತ್ತರ ಕರ್ನಾಟಕದ ಪಂಚಮಿ ನೆನಪು ಮಾಡ್ಕೊಳ್ಳಿ. ಶ್ರಾವಣದಲ್ಲಿ ಅಣ್ಣನೋ ತಮ್ಮನೋ ಬಂದು ಕರ್ಕೊಂಡು ಹೋಗ್ತಿದ್ದ. ರೊಟ್ಟಿ ಪಂಚಮಿ, ನಾಗಪ್ಪಗೆ ಹಾಲು, ಜೋಕಾಲಿ, ಗೆಳತಿಯರು. ನಮ್ಮ ಅಜ್ಜಿ-ತಾಯಂದಿರಿಗೆ ವರ್ಷದಲ್ಲಿ ಸಿಗುತ್ತಿದ್ದ ದೊಡ್ಡ ರಜೆ ಅದು. ಗಂಡನ ಮನೆಗೆ ಮರಳುವಾಗ ಕಣ್ಣೀರಿನ ಜೊತೆ ದೊಡ್ಡದೊಂದು ಬುತ್ತಿಯೂ ಇರ್ತಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಕಟ್ಟು ಕಟ್ಟು ಕಟಕ್ ರೊಟ್ಟಿ, ಅಗಸಿ ಚಟ್ನಿ, ಶೇಂಗಾ ಚಟ್ನಿಪುಡಿ.

ಅದನ್ನು ಪ್ರೀತಿಗೇ ಕಟ್ಟುತ್ತಿದ್ರು ನಿಜ. ಬೀಗರ ಮುಂದೆ ಮರ್ಯಾದೆ ಉಳಿಸೋಕೂ ಇರಬಹುದು. ಆದರೆ ಆ ಗಂಟಿನಲ್ಲಿ ಏನೇನಿರ್ತಿತ್ತು ನೋಡಿ. ವಾರಗಟ್ಟಲೆ ಕೆಡದ ಪದಾರ್ಥಗಳೇ ಎಲ್ಲಾ! ಮರಳಿದ ಸೊಸೆ ಮರುದಿನ ಬೆಳಿಗ್ಗೆ ಹಿಟ್ಟು ನಾದಿ ರೊಟ್ಟಿ ಬಡಿಯದಿದ್ರೂ ಮನೆ ಮಂದಿ ಉಪವಾಸ ಬೀಳ್ತಿರಲಿಲ್ಲ. ರೊಟ್ಟಿ, ಚಟ್ನಿ, ಮೊಸರು ಇದ್ರೆ ಊಟ ಆಯ್ತು. ತವರಿನ ಕೈ ಇನ್ನೊಂದೆರಡು ದಿನ ಅವಳ ಒಲೆಯ ಭಾರ ಹೊರ್ತಿತ್ತು.

ಈಗ ಆ ಬುತ್ತಿಯನ್ನು ವೈನಿಯೇ ಕಟ್ಟಬೇಕು ಅಂತ ಕಾಯೋದು ಬೇಡ. ಆದರೆ ಅದರ ಲೆಕ್ಕ ನಮ್ಮದಾಗಲಿ. ಹೋಗುವ ತಯಾರಿ ಎಷ್ಟು ದಿನದಿಂದ ಮಾಡ್ತೀವಿ? ಸೀರೆ, ಮಕ್ಕಳ ಸ್ವೆಟರ್, ಗುಳಿಗೆ, ಚಾರ್ಜರ್ ಎಲ್ಲಾ ಪಟ್ಟಿ ಇರುತ್ತೆ. ಮರಳುವ ತಯಾರಿಗೆ ಪಟ್ಟಿಯೇ ಇರಲ್ಲ. ಮರಳಿ ಬರುವ ದಿನವೂ ಪ್ರವಾಸದ ಒಂದು ದಿನ ಅಂತ ಹೊರಡುವ ಮೊದಲೇ ಲೆಕ್ಕಕ್ಕೆ ಹಿಡೀಬೇಕು.

ಹೀಗೆ ಮಾಡಿ ನೋಡಿ

ಒಂದು: ರಾತ್ರಿಯ ಕೊನೇ ಬಸ್ಸಿಗೆ ಬರಬೇಡಿ. 'ಇನ್ನೊಂದು ತಾಸು ಇದ್ದು ಹೋಗೂಣು' ಅನ್ನೋ ಆಸೆ ಎಲ್ಲರಿಗೂ ಇರುತ್ತೆ. ಆ ಒಂದು ತಾಸಿನ ಬೆಲೆ ಸೋಮವಾರ ಪೂರ್ತಿ ಕೊಡಬೇಕಾಗುತ್ತೆ. ಸಂಜೆ ನಾಲ್ಕು-ಐದಕ್ಕೆ ಮನೆ ಮುಟ್ಟಿದ್ರೆ ಬಟ್ಟೆ ಒಂದು ಸುತ್ತು ಆಗುತ್ತೆ, ಮಕ್ಕಳ ಚೀಲ ಸಿದ್ಧವಾಗುತ್ತೆ, ಮುಖ್ಯವಾಗಿ ನಿದ್ದೆ ಆಗುತ್ತೆ.

ಎರಡು: ಹೊರಡುವ ಮುಂಚೆ ಸಿಂಕು ಖಾಲಿ ಇರಲಿ, ಕಸದ ಡಬ್ಬಿ ಖಾಲಿ ಇರಲಿ, ಹಾಸಿಗೆಗೆ ತೊಳೆದ ಹೊದಿಕೆ ಹಾಕಿರಲಿ. ಮನೆಯೆಲ್ಲಾ ಥಳಥಳ ಹೊಳೀಬೇಕಿಲ್ಲ, ಈ ಮೂರು ಸಾಕು. ಇದನ್ನೂ ನೀವೊಬ್ಬರೇ ಮಾಡಬೇಡಿ. ನೀವು ಬ್ಯಾಗ್ ತುಂಬುವಾಗ ಯಜಮಾನರು ಸಿಂಕು ನೋಡ್ಕೊಳ್ಳಲಿ.

ಮೂರು: ಸೋಮವಾರದ ಅಡುಗೆಯನ್ನು ಶುಕ್ರವಾರವೇ ನಿಶ್ಚಯ ಮಾಡಿ. ಬೆಳಿಗ್ಗೆ ಚುರುಮುರಿ ಸೂಸಲ ಅಥವಾ ವಗ್ಗರಣಿ ಅವಲಕ್ಕಿ, ಮಧ್ಯಾಹ್ನ ಕಟಕ್ ರೊಟ್ಟಿ, ಚಟ್ನಿಪುಡಿ, ಮೊಸರು, ರಾತ್ರಿ ಬೇಳೆ-ಅನ್ನ. ಈರುಳ್ಳಿ, ಬೆಳ್ಳುಳ್ಳಿ, ಶೇಂಗಾ ಮನೆಯಲ್ಲಿದ್ರೆ ಸಂತೆಗೆ ಓಡುವ ಕೆಲಸವಿಲ್ಲ. ಒಂದು ದಿನ ತರಕಾರಿ ಪಲ್ಯ ಇಲ್ಲದಿದ್ರೆ ಯಾರೂ ಸೊರಗಲ್ಲ.

ನಾಲ್ಕು: ಎರೆಮಣ್ಣಿನ ಬಟ್ಟೆಯನ್ನು ಬಂದ ತಕ್ಷಣ ನೆನೆಸಬೇಡಿ. ಹಸಿ ಮಣ್ಣು ತಿಕ್ಕಿದಷ್ಟೂ ನೂಲಿನೊಳಗೆ ಇಳಿಯುತ್ತೆ. ಪೂರ್ತಿ ಒಣಗಲಿ, ಹೊರಗೆ ಕೊಡವಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ತಣ್ಣೀರಲ್ಲಿ ನೆನೆಸಿ. ನೀರೂ ಉಳಿಯುತ್ತೆ, ರಟ್ಟೆಯೂ ಉಳಿಯುತ್ತೆ. ಹಾಗಾಗಿ ಊರಿನ ಬಟ್ಟೆ ಮಂಗಳವಾರಕ್ಕೆ ಬಿಡಿ, ಭಾನುವಾರ ಯೂನಿಫಾರ್ಮ್ ಮಾತ್ರ ಒಗೆಯಿರಿ.

ಐದು: ನಳ ಬರುವ ದಿನ ನೀವಿರಲ್ಲ ಅಂತ ಗೊತ್ತಿದ್ರೆ ಪಕ್ಕದ ಮನೆಯವರ ಹತ್ತಿರ ಸಂಪಿನ ವಾಲ್ವ್ ತಿರುವಲು ಹೇಳಿ ಹೋಗಿ. ಅವರು ಊರಿಗೆ ಹೋದಾಗ ನೀವು ತಿರುವಿ. ಕೇಳೋಕೆ ಸಂಕೋಚ ಬೇಡ, ಅವರಿಗೂ ಇದೇ ತಾಪತ್ರಯ ಇದ್ದೇ ಇರುತ್ತೆ.

ಆರು: ಬಂದ ವಾರದಲ್ಲೇ ಮುಂದಿನ ಸಲ ಯಾವಾಗ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಇದು ಸುಮ್ಮನೆ ಹೇಳೋ ಮಾತಲ್ಲ. ಹಾಲೆಂಡಿನಲ್ಲಿ 1,530 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಹೀಗೆ: ರಜೆಗೆ ಹೋಗುವವರು ಹೋಗದವರಿಗಿಂತ ಹೆಚ್ಚು ಖುಷಿಯಾಗಿದ್ದದ್ದು ಹೊರಡುವ ಮುಂಚಿನ ದಿನಗಳಲ್ಲಿ. ತಿರುಗಿ ಬಂದ ಮೇಲೆ ಬಹುತೇಕರು ಹೋಗದವರ ಥರಾನೇ ಆಗಿದ್ರು. ತುಂಬಾ ನಿರಾಳವಾಗಿ ರಜೆ ಕಳೆದವರಿಗೆ ಮಾತ್ರ ಆ ಖುಷಿ ಇನ್ನೊಂದಿಷ್ಟು ದಿನ ಉಳಿದಿತ್ತು. ಅಂದ್ರೆ ಸೋಮವಾರ ಮಂಕಾಗೋದು ನಿಮಗೊಬ್ಬರಿಗೇ ಅಲ್ಲ, ಹಾಲೆಂಡಿನವರಿಗೂ ಹಾಗೇ! ಎದುರುನೋಡೋದರಲ್ಲಿ ಖುಷಿ ಇದೆ ಅಂದ ಮೇಲೆ ಎದುರುನೋಡೋಕೆ ಒಂದು ತಾರೀಖು ಬೇಕಲ್ಲ?

'ಅವರಿಗೆ ಬರಲ್ಲ' ಅನ್ನೋ ಮಾತು

ಇಷ್ಟು ಹೇಳಿದ ಮೇಲೂ ಎಷ್ಟೋ ಮಂದಿ ಒಂದು ಮಾತು ಹೇಳ್ತೀರಿ: 'ನಮ್ಮನೆಯವರಿಗೆ ಇದೆಲ್ಲಾ ಬರಲ್ಲ ಬಿಡಿ. ಅವರು ಮಾಡಿದ್ದನ್ನ ಮತ್ತೆ ನಾನೇ ಮಾಡಬೇಕಾಗುತ್ತೆ.' ಇರಬಹುದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸೋರಿಗೆ, ಬ್ಯಾಂಕಿನ ಫಾರಂ ತುಂಬೋರಿಗೆ, ಮೊಬೈಲಿನ ಹೊಸ ಆಪ್ ಅರ್ಧ ತಾಸಿನಲ್ಲಿ ಕಲಿಯೋರಿಗೆ ಯೂನಿಫಾರ್ಮ್ ಒಣಹಾಕೋಕೆ ಬರಲ್ಲ ಅಂದ್ರೆ ನಂಬೋದು ಸ್ವಲ್ಪ ಕಷ್ಟ! ಅಂಗಿಯ ಕಾಲರ್ ಸೊಟ್ಟ ಒಣಗಿದ್ರೆ ಒಣಗಲಿ. ಇಸ್ತ್ರಿಯನ್ನೂ ಅವರೇ ಮಾಡಲಿ. ನೀವು ಹಿಂದೆ ನಿಂತು ತಿದ್ದಬೇಡಿ. ನಾವು ತಿದ್ದಿದ ಕೆಲಸ ಮರುವಾರ ನಮ್ಮ ಕೈಗೇ ವಾಪಸ್ ಬರುತ್ತೆ.

ಮಕ್ಕಳಿಗೂ ಪಾಲಿರಲಿ. ಹೊಲದಲ್ಲಿ ಕುಣಿದಾಡಿದ ಹತ್ತು ವರ್ಷದ ಹುಡುಗನಿಗೆ ತನ್ನ ಚೀಲ ತಾನೇ ಬಿಚ್ಚಿ, ಮಾಸಿದ ಬಟ್ಟೆ ಬೇರೆ ಮಾಡಿ, ನೀರಿನ ಬಾಟಲಿ ತೊಳೆದಿಡೋಕೆ ಬರುತ್ತೆ. ಮಗಳಿಗೆ ಹೇಳಿದ್ದನ್ನು ಮಗನಿಗೂ ಹೇಳಿ. ಚಾರ್ಟ್ ಪೇಪರಿನ ನೆನಪು ಶುಕ್ರವಾರವೇ ಆಗಬೇಕು ಅಂತಲೂ ಹೇಳಿ!

ಇದನ್ನೆಲ್ಲಾ ಮಾತಾಡೋಕೆ ಸರಿಯಾದ ಹೊತ್ತು ಭಾನುವಾರ ರಾತ್ರಿ ಅಲ್ಲ. ಆಗ ಎಲ್ಲರೂ ದಣಿದಿರ್ತಾರೆ, ನೀವು ಬಾಯಿ ತೆಗೆದ್ರೆ ಜಗಳ. ಹೊರಡುವ ಎರಡು ದಿನ ಮೊದಲು, ಎಲ್ಲರಿಗೂ ಹೋಗುವ ಹುಮ್ಮಸ್ಸು ಇದ್ದಾಗ, ಚಹಾ ಕುಡೀತಾ ಕೇಳಿ: 'ಬಂದ ಮೇಲೆ ಬ್ಯಾಗ್ ಯಾರು ಬಿಚ್ಚೋದು? ಹಾಲು ಯಾರು ತರೋದು? ಯೂನಿಫಾರ್ಮ್ ಯಾರ ಪಾಲಿಗೆ?' ಹೆಸರು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮೊದಲ ಸಲ ಎಲ್ಲರೂ ನಗ್ತಾರೆ, ನಗಲಿ. ಮೂರನೇ ಸಲಕ್ಕೆ ರೂಢಿಯಾಗುತ್ತೆ.

ಒಬ್ಬರೇ ಇರುವವರು, ಗಂಡ ಬೇರೆ ಊರಲ್ಲಿರುವವರು, ಹಾಸಿಗೆ ಹಿಡಿದ ಅತ್ತೆ-ಮಾವನನ್ನು ನೋಡಿಕೊಳ್ಳುವವರು 'ನಮಗೆ ಪಾಲು ಕೊಡೋಕೆ ಯಾರಿದ್ದಾರೆ?' ಅಂತ ಕೇಳಬಹುದು. ಅವರಿಗೆ ಎರಡೇ ಮಾತು. ಸೋಮವಾರ ಮಾಡಲೇಬೇಕಾದ ಮೂರು ಕೆಲಸ ಬಿಟ್ಟು ಉಳಿದದ್ದನ್ನು ಮಂಗಳವಾರ, ಬುಧವಾರಕ್ಕೆ ನಿರಾಳವಾಗಿ ತಳ್ಳಿ. ಮನೆಗೆ ಬಂದವರು ಸೋಫಾ ಮೇಲಿನ ಬಟ್ಟೆ ರಾಶಿ ನೋಡಿದ್ರೆ ನೋಡಲಿ. ನಿಮ್ಮ ಬದಲಿಗೆ ಎರಡು ದಿನ ಹಿರಿಯರನ್ನು ನೋಡಿಕೊಳ್ಳಲು ನಾದಿನಿಯನ್ನೋ ಮೈದುನನನ್ನೋ ಕೇಳೋಕೆ ಹಿಂಜರಿಯಬೇಡಿ. ಅವರು ಅವರ ತಂದೆ-ತಾಯಿಯೂ ಹೌದಲ್ವಾ?

ಮನೆಗೆಲಸ ಮುಗಿಯೋ ವಸ್ತು ಅಲ್ಲ ಅಂತ ನಮಗೆಲ್ಲಾ ಗೊತ್ತು. ಎಲ್ಲಾ ಮುಗಿಸಿ ಆಮೇಲೆ ಹೋಗ್ತೀನಿ ಅಂದವಳು ಎಲ್ಲಿಗೂ ಹೋಗಿರಲ್ಲ. ಅದಕ್ಕೇ ಹೇಳ್ತಿದ್ದೀನಿ, ಬಂದ ಮೇಲಿನ ಒಂದು ಕೆಟ್ಟ ಸೋಮವಾರಕ್ಕೆ ಹೆದರಿ ಎಳ್ಳಮವಾಸ್ಯೆಯನ್ನ, ಪಂಚಮಿಯನ್ನ, ಗೆಳತಿಯರ ಜೊತೆಗಿನ ಒಂದು ದಿನದ ತಿರುಗಾಟವನ್ನ ಬಿಟ್ಟುಕೊಡಬೇಡಿ. ಬಿಡಬೇಕಾದದ್ದು ಬಾಕಿಯೆಲ್ಲಾ ನನ್ನೊಬ್ಬಳದೇ ಅನ್ನೋ ರೂಢಿಯನ್ನ. ಮುಂದಿನ ಸಲ ಊರಿಂದ ಬಂದಾಗ ಬೀಗದ ಕೈ ಮಗನ ಕೈಗೆ ಕೊಡಿ, ಹಾಲಿನ ಪಾತ್ರೆ ಯಜಮಾನರ ಕೈಗೆ ಕೊಡಿ. ನೀವು ಹತ್ತು ನಿಮಿಷ ಕೂತು ವೈನಿಗೆ ಫೋನ್ ಮಾಡಿ, 'ಮುಟ್ಟಿದಿವ್ರೀ ವೈನಿ, ನಿಮ್ಮ ಕೆಲಸ ಎಲ್ಲಾ ಮುಗೀತೇನ್ರಿ?' ಅಂತ ಕೇಳಿ.